ಆಲಿಸ್, ವಯಸ್ಸು ಮೂರು

ಬಾಡ್‌ಹೂವೆಡಾರ್ಪ್
4 ನವೆಂಬರ್ 1998

ಮಗಳು ವಾಸಂತಿಗೆ,

ನಿನ್ನ ತಮ್ಮ ನಿತಿನ್ ಮನೆಗೆ ಬಂದು ಸೇರಿದೆ ಅಂತ ತಿಳಿಸಲು ಎಷ್ಟೋ ಸಲ ಫೋನ್ ಮಾಡಿದೆ. ಪ್ರತಿ ಸಲವೂ ಅರವಿಂದನೇ ಎತ್ತಿಕೊಳ್ಳುತ್ತಾನೆ. "ಅವಳು ಮಲಗಿದಾಳೆ ಮಾವ" ಎನ್ನುತ್ತಾನೆ. ನಿನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನನ್ನು ಯಾಕೆ ಕಷ್ಟಕ್ಕೆ ಹಾಕಬೇಕು ಅಂತ ಕಾಗದಕ್ಕೆ ಕೂತಿದ್ದೇನೆ.

ಇಲ್ಲಿ ವಿಮಾನಗಳು ಹೆಂಚಿನ ಮೇಲೇ ಹೋಗುತ್ತವೆ. ನಿತಿನ್‌ಗೆ ಅದು ಕೇಳಿಸುವುದೇ ಇಲ್ಲವಂತೆ. ಐಂಡ್‌ಹೋವನ್ನಿನಲ್ಲಿ ನಿಮ್ಮ ಬೀದಿ ಎಷ್ಟು ನಿಶ್ಶಬ್ದವಾಗಿತ್ತು. ಇರಲಿ, ಅದಲ್ಲ ಬರೆಯಬೇಕಾದದ್ದು.

ದೀಪಾವಳಿಯ ಬೆಳಿಗ್ಗೆ ನಾನು ವಂಶ ಹೇಳಿದ್ದು ಹೊಸದೇನಲ್ಲ. ನೀನು ಹುಟ್ಟಿದಾಗಿನಿಂದ ಕೇಳಿದ್ದೀಯೆ. ನಾವು ಹೆಳವರು. ನಿನ್ನ ತಾತ ಕಾಲಿಗೆ ಕಂಬಳಿ ಸುತ್ತಿಕೊಂಡು, ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಒಕ್ಕಲು ಮನೆಗಳ ಮುಂದೆ ಆ ಮನೆಯವರ ಹಿರಿಯರ ಹೆಸರು ಹೇಳುತ್ತಿದ್ದ. ನಮ್ಮದನ್ನು ನಮಗೆ ಹೇಳುತ್ತಿದ್ದುದು ವರ್ಷಕ್ಕೆ ಆ ಒಂದು ದಿನ. ನಾನು ಓದಿ ತಾಲ್ಲೂಕು ಕಚೇರಿ ಸೇರಿದೆ, ಎತ್ತು ಹೋಯಿತು, ಆ ಒಂದು ದಿನ ಮಾತ್ರ ಉಳಿಯಿತು. ಹಾಲುಹಲ್ಲು ಬೀಳುವ ಮೊದಲು ಹೋದ ಮಗುವನ್ನು ವಂಶದಲ್ಲಿ ಹೇಳಬಾರದು, ಹೇಳಿದರೆ ಮುಂದೆ ಬರುವ ಮಗುವನ್ನೂ ಅದು ಕರೆದುಕೊಳ್ಳುತ್ತದೆ ಎಂದು ತಾತ ನನಗೆ ಕಲಿಸಿದ್ದು. ಅದಕ್ಕೇ ನಿನ್ನ ಹೆಸರಿಗೆ ಬಂದು ನಿಲ್ಲಿಸಿ "ವಾಸಂತಿಯ ಮಡಿಲು ತುಂಬಲಿ" ಅಂದೆ. ಒಳ್ಳೆಯದಾಗಲಿ ಅಂತಲೇ ಅಂದೆ. ನೀನು ತಟ್ಟೆ ಇಟ್ಟು ಎದ್ದುಹೋದೆ. ಸಂಜೆ ಅರವಿಂದ ನನ್ನ ಪೆಟ್ಟಿಗೆ ತಂದು ಹಜಾರದಲ್ಲಿಟ್ಟ.

ನಿಮ್ಮಮ್ಮ ಇದ್ದಿದ್ದರೆ ಅಲ್ಲೇ ನನ್ನ ತೊಡೆ ಚಿವುಟಿ ಬಾಯಿ ಮುಚ್ಚಿಸುತ್ತಿದ್ದಳೋ ಏನೋ. ಅವಳಿಲ್ಲದ ಮೇಲೆ ನನಗೆ ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ. ಈ ಕಾಗದವನ್ನೇ ನೋಡು.

ಊಟ ಸರಿಯಾಗಿ ಮಾಡು.

ನಿನ್ನ ಅಪ್ಪ,
ಕರಿಯಪ್ಪ


ಬಾಡ್‌ಹೂವೆಡಾರ್ಪ್
23 ನವೆಂಬರ್ 1998

ವಾಸಂತಿ,

ಉತ್ತರ ಬರಲಿಲ್ಲ. ಬರುತ್ತದೆ ಅಂತ ಕಾಯುತ್ತಲೂ ಇಲ್ಲ, ಆದರೆ ಅಂಚೆಯವಳ ಸೈಕಲ್ ಸದ್ದಾದರೆ ಕಿಟಕಿಗೆ ಹೋಗುತ್ತೇನೆ.

ನನಗೊಂದು ಕೆಲಸ ಸಿಕ್ಕಿದೆ. ನಿತಿನ್ ಆಫೀಸಿಗೆ ಹೋದ ಮೇಲೆ ಊರಿನ ಲೈಬ್ರರಿಯಲ್ಲಿ ಬೆಚ್ಚಗೆ ಕೂರುತ್ತೇನೆ. ಅಲ್ಲಿ ಒಬ್ಬ ಇಂಗ್ಲಿಷರ ಮುದುಕ ದಪ್ಪ ಪುಸ್ತಕ ತೆರೆದುಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು, ಮೂಗನ್ನು ಹಾಳೆಗೆ ತಾಗಿಸಿ ಓದಲು ಒದ್ದಾಡುತ್ತಿದ್ದರು. ಲೈಬ್ರರಿಯ ಹುಡುಗಿ ಎರಡು ಸಾಲು ಓದಿಕೊಟ್ಟು ಓಡಿಹೋದಳು. ನಾನು ಹೋಗಿ, "ಸರ್, ಐ ಆಮ್ ಇಂಟರ್‌ಮೀಡಿಯೆಟ್, ಮೈಸೂರ್" ಅಂದೆ. ಅವರು ತಲೆ ಎತ್ತಿ, "ಹಾಗಾದರೆ ಕೂತುಕೊಳ್ಳಿ" ಅಂದರು.

ಹೆಸರು ಎಡ್ಮಂಡ್ ಕಾರ್ವಿಲ್. ವಿಮಾನ ರಿಪೇರಿ ಕೆಲಸಕ್ಕೆ ಅಂತ ಬಂದು ಇಲ್ಲಿಯವಳನ್ನು ಮದುವೆಯಾಗಿ ಇಲ್ಲೇ ಉಳಿದವರು. ಹೆಂಡತಿ ಹೋಗಿದ್ದಾಳೆ, ಮಕ್ಕಳಿಲ್ಲ, ಕಣ್ಣೂ ಹೆಚ್ಚುಕಡಿಮೆ ಹೋಗಿದೆ. ಲಿಂಕನ್‌ಷೈರ್ ಎಂಬ ಸೀಮೆಯ ಒಂದು ಹಳ್ಳಿಗೆ ಅವರ ಹಿರಿಯರು ಜಮೀನುದಾರರಾಗಿದ್ದರಂತೆ. ಜಮೀನು ಮುತ್ತಾತನ ಕಾಲಕ್ಕೇ ಕರಗಿತು. "ಹೆಸರೊಂದು ಇದೆ, ಅದೂ ನನ್ನ ಜೊತೆ ಮುಗಿಯುತ್ತದೆ. ಮುಗಿಯುವ ಮೊದಲು ಅದು ಒಂದೇ ನೂಲು ಅಂತ ಗೊತ್ತಾಗಬೇಕು" ಎಂದರು.

ಪ್ಲೇಗು ಬರುವ ಮುಂಚೆ ಆ ಮನೆಯ ಯಜಮಾನ ಜಾನ್ ಕಾರ್ವಿಲ್. ಪ್ಲೇಗು ಮುಗಿದ ಮೇಲೆ ಯಜಮಾನ ರಾಬರ್ಟ್ ಕಾರ್ವಿಲ್. ಜಾನ್‌ಗಿಂತ ಮೇಲಿನವರೆಲ್ಲ ಸಿಕ್ಕಿದ್ದಾರೆ, ರಾಬರ್ಟ್‌ನಿಂದ ಎಡ್ಮಂಡ್ ಸಾಹೇಬರವರೆಗೂ ಸಿಕ್ಕಿದ್ದಾರೆ. ಜಾನ್‌ಗೆ ರಾಬರ್ಟ್ ಏನಾಗಬೇಕು, ಮಗನೋ ತಮ್ಮನೋ? ಅಷ್ಟು ಗೊತ್ತಾದರೆ ನೂಲು ಕೂಡಿತು. ಆರುನೂರೈವತ್ತು ವರ್ಷದ ಹಿಂದಿನ ಮಾತು.

ಆ ಪುಸ್ತಕ ಏನು ಗೊತ್ತಾ? ಜಮೀನುದಾರ ಸತ್ತರೆ ಸರ್ಕಾರದವರು ಬಂದು ಪಂಚರನ್ನು ಕೂರಿಸಿ, ಎಷ್ಟು ಜಮೀನು, ಯಾವ ದಿನ ಸತ್ತ, ವಾರಸುದಾರ ಯಾರು, ಅವನ ವಯಸ್ಸೆಷ್ಟು ಅಂತ ಬರೆದುಕೊಳ್ಳುತ್ತಿದ್ದರು. ನಮ್ಮ ಪೌತಿ ಖಾತೆಯೇ. ಶಿರಸ್ತೇದಾರನಾಗಿ ನಾನು ಬರೆಸಿದ್ದೂ ಇದನ್ನೇ ಅಂದರೆ ಸಾಹೇಬರಿಗೆ ಬಹಳ ಸಂತೋಷವಾಯಿತು. ನನ್ನ ಉಚ್ಚಾರಣೆಗೆ ಮಾತ್ರ ದಿನಾ ಬೈಯುತ್ತಾರೆ.

ನಿತಿನ್ ನಗುತ್ತಾನೆ. "ಹೆಳವರ ಕಸುಬು ಬೇಡ ಅಂತ ಓದಿದ್ರಿ. ಈಗ ಇಂಗ್ಲೆಂಡ್ ದೊರೆಗಳಿಗೇ ಹೆಳವ ಆಗಿದೀರಲ್ಲಪ್ಪ. ಎತ್ತು ಎಲ್ಲಿಂದ ತರೋಣ, ನನ್ನ ಸೈಕಲ್ ಸಾಕಾ?" ಎನ್ನುತ್ತಾನೆ. ಅವನು ನಗುವುದು ಕಡಿಮೆಯಾಗಿತ್ತು. ನಗಲಿ ಅಂತ ನಾನೂ ಸುಮ್ಮನಿರುತ್ತೇನೆ.

ಅಂಗಡಿ ಕಿಟಕಿಗಳಲ್ಲೆಲ್ಲ ಡಿಸೆಂಬರ್ ಹಬ್ಬಕ್ಕೆ ಮಕ್ಕಳ ಸಾಮಾನು ತುಂಬಿದ್ದಾರೆ. ನಾನು ಕಾಲುವೆ ಪಕ್ಕದ ದಾರಿಯಲ್ಲೇ ಹೋಗುತ್ತೇನೆ.

ಅಪ್ಪ


ಬಾಡ್‌ಹೂವೆಡಾರ್ಪ್
14 ಡಿಸೆಂಬರ್ 1998

ವಾಸಂತಿ,

ಸಿಕ್ಕಿತು. ನೀನು ಓದುತ್ತೀಯೋ ಇಲ್ಲವೋ, ನಿನಗೇ ಮೊದಲು ಹೇಳಬೇಕು ಅನ್ನಿಸಿತು.

ಲೈಡನ್ನಿನ ಯೂನಿವರ್ಸಿಟಿಯಿಂದ ತರಿಸಿದ ಸಂಪುಟ. ಸಾಹೇಬರ ಮನೆಯಲ್ಲಿ, ಅವರು ಕಣ್ಣು ಮುಚ್ಚಿ ಕೂತಿದ್ದರು, ನಾನು ಓದುತ್ತಿದ್ದೆ. ಪ್ಲೇಗಿನ ವರ್ಷ. ಒಂದೇ ಹಾಳೆಯಲ್ಲಿ ಎಷ್ಟು ಸಾವು. ಅಪ್ಪ ಸತ್ತ, ವಾರಸುದಾರ ಮಗ. ಕೆಳಗಿನ ಸಾಲಿನಲ್ಲೇ ಸದರಿ ಮಗ ಸತ್ತ, ವಾರಸುದಾರ ಅವನ ತಮ್ಮ. ಬರೆಯುವವನ ಕೈ ಹೇಗೆ ನಡೆಯಿತೋ. ಆಮೇಲೆ ಜಾನ್ ಕಾರ್ವಿಲ್ ಬಂದ. ಬೇಸಿಗೆಯಲ್ಲಿ ಸತ್ತಿದ್ದಾನೆ. "ಅವನ ಮಗಳು ಆಲಿಸ್, ವಯಸ್ಸು ಮೂರು, ವಾರಸುದಾರಳು." ಅದರ ಕೆಳಗೇ ಇನ್ನೊಂದು. "ಸದರಿ ಆಲಿಸ್ ಮೃತಳಾದಳು. ಅವಳ ಸೋದರತ್ತೆ, ರಾಬರ್ಟನ ಹೆಂಡತಿ ಜೋನ್, ವಾರಸುದಾರಳು."

ಅಂದರೆ ರಾಬರ್ಟ್ ಆ ಮನೆಯಲ್ಲಿ ಹುಟ್ಟಿದವನಲ್ಲ. ಮನೆಯ ಹೆಣ್ಣನ್ನು ಮದುವೆಯಾಗಿ, ಅಲ್ಲೇ ನಿಂತು, ಮನೆಯ ಹೆಸರನ್ನೇ ಇಟ್ಟುಕೊಂಡವನು. ನಮ್ಮ ಮನೆಅಳಿಯ. ಮನೆಅಳಿಯನನ್ನು ನಿನ್ನ ತಾತ ಮಗ ಅಂತಲೇ ಹೇಳುತ್ತಿದ್ದ. ವಂಶ ಮುಗಿದುಹೋಯಿತು ಅಂತ ಬಾಗಿಲಲ್ಲಿ ನಿಂತು ಹೇಳಬಾರದು, ಅದೇ ಹೆಳವನ ಧರ್ಮ. ನಾನು ಆಲಿಸ್ ಸಾಲು ಬಿಟ್ಟು ಓದಿದೆ. "ಜಾನ್ ಮೃತನಾದನು. ಮನೆಯವನಾದ ರಾಬರ್ಟ್ ವಾರಸುದಾರ."

"ಮಗನೋ ತಮ್ಮನೋ?" ಎಂದರು.

"ತಮ್ಮ" ಎಂದೆ.

ಕಾಲೇಜಿನಲ್ಲಿ ನಮಗೆ ಪ್ರೆಸೀ ಬರೆಸುತ್ತಿದ್ದರು. ದೊಡ್ಡದನ್ನು ಮೂರನೇ ಒಂದು ಪಾಲಿಗೆ ಇಳಿಸಿ, ಬೇಡವಾದದ್ದನ್ನು ಬಿಟ್ಟು, ಸಾರ ಉಳಿಸಬೇಕು. ನಾನು ಅದರಲ್ಲಿ ಒಳ್ಳೆಯ ಮಾರ್ಕು ತೆಗೆದವನು. ಮುದುಕರು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೆಂಡತಿ ಸತ್ತ ಮೇಲೆ ತೆಗೆಯದಿದ್ದ ಗಾಜಿನ ಲೋಟಗಳನ್ನು ತೆಗೆದರು. ನಾನು ಸೇಬಿನ ರಸ ಕುಡಿದೆ. ಯಾರಿಗೂ ಕೆಡುಕಾಗಲಿಲ್ಲ. ಒಬ್ಬ ಮನುಷ್ಯ ನೆಮ್ಮದಿಯಿಂದ ಸಾಯಬಹುದು.

ಹಿಮ ಬಿದ್ದಿದೆ. ನಿನ್ನ ಬೆನ್ನುನೋವು ಹೇಗಿದೆ?

ಅಪ್ಪ


ಐಂಡ್‌ಹೋವನ್
20 ಡಿಸೆಂಬರ್ 1998

ಅಪ್ಪ,

ನಿಮ್ಮ ಮೂರು ಕಾಗದವನ್ನೂ ಓದಿದ್ದೇನೆ. ಉತ್ತರ ಬರೆಯಬಾರದು ಅಂತಿದ್ದೆ.

ಊರಿಗೆ ಊರೇ ಸಾಯುತ್ತಿರುವಾಗ, ಯಾರೋ ಒಬ್ಬ ಗುಮಾಸ್ತ ಕೂತು ಮೂರು ವರ್ಷದ ಹುಡುಗಿಯೊಬ್ಬಳ ಹೆಸರು ಬರೆದ. ವಯಸ್ಸು ಬರೆದ. ಸತ್ತಳು ಅಂತಲೂ ಬರೆದ. ಅವಳು ಅವನಿಗೆ ಏನೂ ಆಗಬೇಕಾಗಿರಲಿಲ್ಲ. ನೀವು ಅದನ್ನು ಕಣ್ಣಾರೆ ನೋಡಿ ದಾಟಿಕೊಂಡು ಹೋದಿರಿ. ಬೇಡವಾದದ್ದು ಅಂದಿರಿ.

ನನ್ನ ಗಾನವಿಗೆ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಅವಳ ಕಾಲು ಹಿಡಿದುಕೊಂಡು ಕೂತವರು ನೀವು. ನಾನಲ್ಲ, ನನಗೆ ನೋಡಲು ಆಗುತ್ತಿರಲಿಲ್ಲ. ಅವಳು ಕೊನೆಗೆ ಕರೆದದ್ದು "ತಾತಾ" ಅಂತ. ಅದಾಗಿ ಎರಡು ತಿಂಗಳಿಗೆ ನೀವು ನನ್ನ ಮನೆಯಲ್ಲಿ, ಅವಳ ಕುರ್ಚಿಯ ಪಕ್ಕದಲ್ಲೇ ಕೂತು, ಹದಿನೈದು ತಲೆಮಾರಿನ ಗಂಡಸರ ಹೆಸರು ಒಂದೂ ತಪ್ಪದೆ ಹೇಳಿ, ನನಗೆ ಮಕ್ಕಳೇ ಆಗಿಲ್ಲ ಎಂಬ ಹಾಗೆ ಹರಸಿದಿರಿ.

ನನಗೆ ಮುಂದೆ ಮಗು ಬೇಡ ಅಪ್ಪ. ಅದು ಕರೆದುಕೊಳ್ಳುತ್ತದೆ ಇದು ಕರೆದುಕೊಳ್ಳುತ್ತದೆ ಅಂತ ನೀವು ಹೆದರುವುದು ಬೇಡ.

ಆ ಮುದುಕರು ನಿಮ್ಮನ್ನು ನಂಬಿದ್ದಾರೆ. ಅವರಿಗೆ ಆ ಸಾಲು ಓದಿ ಹೇಳಿ. ಹೇಳುವವರೆಗೆ ನನಗೆ ಬರೆಯಬೇಡಿ.

ವಾಸಂತಿ


ಬಾಡ್‌ಹೂವೆಡಾರ್ಪ್
11 ಜನವರಿ 1999

ವಾಸಂತಿ,

ಬರೆಯಬೇಡಿ ಅಂದಿದ್ದೀಯೆ. ಬರೆಯುತ್ತಿದ್ದೇನೆ. ಹೇಳಿಲ್ಲ.

ಎರಡು ಸಲ ಹೋದೆ. ಮೊದಲ ಸಲ ಸಾಹೇಬರು ನನ್ನ ಕೋಟು ಬಿಚ್ಚುವ ಮೊದಲೇ ಗೋಡೆಯ ಬಳಿ ಕರೆದೊಯ್ದರು. ವಂಶವೃಕ್ಷವನ್ನು ದೊಡ್ಡ ಹಾಳೆಯ ಮೇಲೆ ಚೆಂದವಾಗಿ ಬರೆಸಿದ್ದಾರೆ. ಅವರಿಗೆ ಕಾಣುವುದಿಲ್ಲ, ಆದರೂ ಬೆರಳಿಟ್ಟು, "ಇದು ಜಾನ್, ಪಕ್ಕದಲ್ಲಿ ತಮ್ಮ ರಾಬರ್ಟ್, ಅಲ್ಲವೇ?" ಎಂದರು. ಬೆರಳು ಸರಿಯಾಗಿ ಅಲ್ಲೇ ಇತ್ತು. ಇನ್ನೊಂದು ಪ್ರತಿಯನ್ನು ಆ ಹಳ್ಳಿಯ ಚರ್ಚಿಗೆ ಕಳಿಸಿದ್ದಾರಂತೆ, ಅಲ್ಲಿನ ಪಾದ್ರಿ ಒಳಗೋಡೆಗೆ ತೂಗುಹಾಕಲು ಒಪ್ಪಿದ್ದಾನಂತೆ. ಹೌದು ಎಂದೆ.

ಎರಡನೆಯ ಸಲ ಬಾಗಿಲ ಗಂಟೆ ಒತ್ತಲಿಲ್ಲ.

ನಿತಿನ್‌ಗೆ ಹೇಳಿದೆ. "ಬಿಡಿ ಅಪ್ಪ. ಅವರು ಖುಷಿಯಾಗಿದಾರೆ. ಈಗ ಹೋಗಿ ನೀವು ಕಾರ್ವಿಲ್ಲೇ ಅಲ್ಲ ಅಂದ್ರೆ ಏನು ಸಿಗುತ್ತೆ? ಅಕ್ಕನ ಸಿಟ್ಟು ಬೇರೆ, ಇದು ಬೇರೆ" ಎಂದ. ಬೇರೆಯೇ ಆಗಿದ್ದರೆ ನನಗೆ ಯಾಕೆ ಊಟ ಸೇರುತ್ತಿಲ್ಲ ಅಂತ ಕೇಳಿದೆ. ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅವನಿಗೂ ಅವಳು ಅಕ್ಕನ ಮಗಳಲ್ಲವೇ. ನಾವಿಬ್ಬರೂ ಈ ಮನೆಯಲ್ಲಿ ಅವಳ ಹೆಸರು ಎತ್ತುವುದಿಲ್ಲ. ನಾನು ಎತ್ತುವುದಿಲ್ಲ ಅಂತ ಅವನೂ ಎತ್ತುವುದಿಲ್ಲ ಎಂಬುದು ಮೊನ್ನೆ ಮೊನ್ನೆ ಹೊಳೆಯಿತು.

ನೀನು ಬರೆದದ್ದು ನಿಜ, ನಾನು ಅವಳ ಕಾಲು ಹಿಡಿದುಕೊಂಡಿದ್ದೆ. ತಣ್ಣಗಾಗುತ್ತಿತ್ತು. ಉಜ್ಜಿದರೆ ಬೆಚ್ಚಗಾಗುತ್ತದೆ ಅಂದುಕೊಂಡಿದ್ದೆ. ಮುಂದೆ ಬರೆಯಲಾರೆ.

ಅಪ್ಪ


ಬಾಡ್‌ಹೂವೆಡಾರ್ಪ್
2 ಫೆಬ್ರವರಿ 1999

ವಾಸಂತಿ,

ಹೇಳಿದೆ.

ಸಂಪುಟವನ್ನು ಲೈಡನ್ನಿಗೆ ಹಿಂತಿರುಗಿಸಬೇಕಾದ ವಾರ. ಕೊನೆಯದಾಗಿ ಆ ಹಾಳೆಯನ್ನು ಇನ್ನೊಮ್ಮೆ ಕೇಳುವ ಆಸೆಯಾಗಿದೆ ಎಂದು ಸಾಹೇಬರೇ ಹೇಳಿಕಳಿಸಿದ್ದರು. ನಾನು ನಿಂತುಕೊಂಡೇ ಓದಿದೆ. ಜಾನ್ ಸತ್ತದ್ದು ಓದಿದೆ. ಆಲಿಸ್ ಓದಿದೆ. ಮೂರು ವರ್ಷ ಓದಿದೆ. ಸದರಿ ಆಲಿಸ್ ಮೃತಳಾದಳು ಎಂಬುದನ್ನೂ ಓದಿದೆ. ಜೋನ್, ರಾಬರ್ಟನ ಹೆಂಡತಿ.



"ಹಾಗಾದರೆ ರಾಬರ್ಟ್ ಯಾರೋ ಒಬ್ಬ" ಎಂದರು.

"ಮನೆಅಳಿಯ, ಸರ್. ನಮ್ಮ ಕಡೆ ಅವನನ್ನು ಮಗ ಎಂದೇ..."

"ನಿಮ್ಮ ಕಡೆ."

"ಅವನ ಹೆಂಡತಿ ಆ ಮನೆಯ ಮಗಳು, ಸರ್. ನೀವು ಅವಳ ಕಡೆಯಿಂದ ಬಂದವರು. ರಕ್ತ ಅದೇ."

"ನಾನು ಹುಡುಕಿದ್ದು ಅದನ್ನಲ್ಲ ಅಂತ ನಿಮಗೆ ಗೊತ್ತಿತ್ತು." ಅವರ ದನಿ ಏರಲಿಲ್ಲ. "ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಕುರುಡ ಅಂತ ಮರುಕಪಟ್ಟಿರಾ?"

ಅಲ್ಲ ಎಂದೆ. ನನ್ನ ಇಂಗ್ಲಿಷಿನಲ್ಲಿ ಹೆಳವರು, ಎತ್ತು, ತಾತ ಎಲ್ಲ ಹೇಳಲು ಹೊರಟೆ. ಅರ್ಧಕ್ಕೆ ನನಗೇ ನಾಚಿಕೆಯಾಯಿತು. ಅದಕ್ಕೆ ಬೇರೆಯದನ್ನು ಹೇಳಿದೆ. "ಸರ್, ನನ್ನ ಮೊಮ್ಮಗಳು ಆಗಸ್ಟಿನಲ್ಲಿ ತೀರಿಕೊಂಡಳು. ಅವಳಿಗೂ ಮೂರು. ಆ ಸಾಲು ನನ್ನ ಬಾಯಲ್ಲಿ ಬರಲಿಲ್ಲ."

ಇದನ್ನು ನಾನು ಈ ದೇಶದಲ್ಲಿ ಹೊರಗಿನ ಒಬ್ಬರಿಗೆ ಹೇಳಿದ್ದು ಮೊದಲ ಸಲ. ಅವರು ಕರಗುತ್ತಾರೆ ಅಂದುಕೊಂಡಿದ್ದೆನೇನೋ. ಅವರು ಕರಗಲಿಲ್ಲ.

"ಅದಕ್ಕೆ ವಿಷಾದವಿದೆ. ಆದರೆ ನೀವು ಆಲಿಸ್‌ಳನ್ನು ನನ್ನ ಮನೆಯಿಂದ ಹೊರಗೆ ಹಾಕಿದಿರಿ" ಎಂದರು. ಆಮೇಲೆ, "ಪುಸ್ತಕ ಮುಚ್ಚಿ. ಹೋಗುವಾಗ ಬಾಗಿಲು ಎಳೆದುಕೊಳ್ಳಿ, ಅದು ಚಳಿಗೆ ಊದಿಕೊಂಡಿದೆ" ಎಂದರು.

ಎಳೆದುಕೊಂಡು ಬಂದೆ.

ಅಪ್ಪ


ಬಾಡ್‌ಹೂವೆಡಾರ್ಪ್
10 ಮಾರ್ಚ್ 1999

ವಾಸಂತಿ,

ಕಾರ್ವಿಲ್ ಸಾಹೇಬರು ಹೋದ ವಾರ ತೀರಿಕೊಂಡರು. ನ್ಯುಮೋನಿಯಾ. ಆವತ್ತು ನಿಜ ಹೇಳಿದ ಮೇಲೆ ನನ್ನನ್ನು ಒಳಗೆ ಬಿಟ್ಟಿರಲಿಲ್ಲ. ಅವರನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಬಾಗಿಲಲ್ಲೇ ತಲೆಯಾಡಿಸಿ ಕಳಿಸಿಬಿಡುತ್ತಿದ್ದಳು. ಪಾಪ, ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ.

ಅವಳೇ ಹೇಳಿದ್ದು. ಚರ್ಚಿನಿಂದ ಆ ಹಾಳೆ ತೆಗೆಸಿಬಿಡಿ ಎಂದು ಸಾಹೇಬರು ಪಾದ್ರಿಗೆ ಅವಳ ಕೈಲೇ ಕಾಗದ ಬರೆಸಿದರಂತೆ. ಇನ್ನೂ ತೂಗುಹಾಕಿಯೇ ಇಲ್ಲ, ಚೌಕಟ್ಟು ಸಿಕ್ಕಿರಲಿಲ್ಲ ಎಂದು ಪಾದ್ರಿ ಉತ್ತರ ಬರೆದನಂತೆ. ಅದನ್ನು ಕೇಳಿ ನಕ್ಕರಂತೆ. ಯಾವ ಥರ ನಕ್ಕರು ಎಂದು ಕೇಳಿದೆ. ಅವಳು ಭುಜ ಹಾರಿಸಿದಳು.

ನಿತಿನ್ ರಜ ಹಾಕಿ ನನ್ನನ್ನು ಅಂತ್ಯಕ್ರಿಯೆಗೆ ಕರೆದೊಯ್ದ. ಕೆಲವೇ ಜನ. ಕಾಫಿ ಕೊಟ್ಟರು. ಅವರ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಹೇಳಿದರು, ಅಷ್ಟೇ. ಅವರ ಹಿರಿಯರೆಲ್ಲ ನನ್ನ ನಾಲಿಗೆ ಮೇಲಿದ್ದರು, ನಿದ್ದೆಯಲ್ಲೂ ಹೇಳಬಲ್ಲೆ. ಎದ್ದು ನಿಲ್ಲಲೇ ಅಂದುಕೊಂಡೆ. ಯಾವ ಬಾಯಿಂದ ಹೇಳಲಿ? ನಿತಿನ್ ನನ್ನ ಮಂಡಿಯ ಮೇಲೆ ಕೈ ಇಟ್ಟ, ಬೇಡ ಎಂಬಂತೆ.

ಅವರು ನನ್ನನ್ನು ಕ್ಷಮಿಸಲಿಲ್ಲ. ನೀನು ಹೇಳಿಸದಿದ್ದರೆ ಅವರು ನೆಮ್ಮದಿಯಿಂದ ಸಾಯುತ್ತಿದ್ದರು ಅಂತ ಒಂದೆರಡು ದಿನ ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ಈಗಿಲ್ಲ. ಅವರಿಗೆ ಅನ್ಯಾಯವಾದದ್ದು ಫೆಬ್ರವರಿಯಲ್ಲಲ್ಲ, ಡಿಸೆಂಬರಿನಲ್ಲಿ.

ನೀನು ಹೇಳಿದ್ದನ್ನು ಮಾಡಿದೆ, ಆದ್ದರಿಂದ ನನ್ನನ್ನು ಮಾತಾಡಿಸು ಎಂದು ಕೇಳಲು ಇದನ್ನು ಬರೆದಿಲ್ಲ. ತಿಳಿಸಬೇಕಿತ್ತು, ತಿಳಿಸಿದೆ.

ಅಪ್ಪ


ಐಂಡ್‌ಹೋವನ್
18 ಮಾರ್ಚ್ 1999, ಯುಗಾದಿ

ನಿತಿನ್,

ಅಪ್ಪ ಇಲ್ಲಿದ್ದಾರೆ. ಅರವಿಂದ ನಿನಗೆ ಫೋನ್ ಮಾಡಿ ಹೇಳಿದ್ದಾನೆ, ಅದಕ್ಕಿಂತ ಹೆಚ್ಚು ಫೋನಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ಬೆಳಿಗ್ಗೆ ನಾನು ಬೇವುಬೆಲ್ಲವೂ ಮಾಡಿರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಜೋರಾಗಿ ಮಾತಾಡುವ ಹಾಗಿತ್ತು. ಕರ್ಟನ್ ಸರಿಸಿದರೆ ಅಪ್ಪ. ಗಂಟೆ ಒತ್ತಿರಲಿಲ್ಲ. ನಿನ್ನ ಹಳೇ ಕೋಟು ಹಾಕಿಕೊಂಡು, ಹೆಗಲ ಮೇಲೆ ಕಂಬಳಿ ಹೊದ್ದು, ಬಾಗಿಲಿಗೆ ಮುಖ ಮಾಡಿ ನಿಂತು ವಂಶ ಹೇಳುತ್ತಿದ್ದರು. ತಾತನ ರಾಗದಲ್ಲಿ. ಎದುರು ಮನೆಯವರು ಬಾಗಿಲು ತೆಗೆದು ನೋಡಿದರು. ಸ್ಕೂಲಿಗೆ ಹೊರಟ ಮಕ್ಕಳು ಸೈಕಲ್ ನಿಲ್ಲಿಸಿದರು. ನನಗೆ ಮೈಯೆಲ್ಲ ಬೆಂಕಿಯಾಯಿತು. "ಹೋಗಿ ಸುಮ್ಮನಾಗಿಸು" ಅಂತ ಅರವಿಂದನಿಗೆ ಹೇಳಿದೆ. ಅವನು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಈ ಸಲ ಹೆಂಗಸರೂ ಬಂದರು, ಅಜ್ಜಿಯ ಹೆಸರು ಬಂತು, ಅಮ್ಮನ ಹೆಸರು ಬಂತು. ಅದು ರಾಗಕ್ಕೆ ಕೂರುತ್ತಿರಲಿಲ್ಲ, ಅಲ್ಲಲ್ಲಿ ತಡೆಯುತ್ತಿದ್ದರು. ಆಮೇಲೆ, "ಕರಿಯಪ್ಪನ ಮಗಳು ವಾಸಂತಿ. ವಾಸಂತಿ ಅರವಿಂದರ ಮಗಳು ಗಾನವಿ" ಅಂದರು.

ಅಷ್ಟಕ್ಕೆ ನಿಂತುಹೋಯಿತು. ಕೊನೆಯಲ್ಲಿ ಹರಸಬೇಕಲ್ಲ, ಬಾಳಲಿ ಬೆಳಗಲಿ ಅಂತ. ಆ ಹೆಸರಾದ ಮೇಲೆ ಏನಂತ ಹರಸುತ್ತಾರೆ? ಬಾಯಿ ತೆರೆದುಕೊಂಡೇ ನಿಂತಿದ್ದರು. ಹೋಗಲೂ ಇಲ್ಲ. ನಾನು ಕೆಳಗಿಳಿಯಲಿಲ್ಲ ನಿತಿನ್. ಇಳಿಯಬೇಕು ಅನ್ನಿಸಿತ್ತು. ಅರವಿಂದ ಚಪ್ಪಲಿ ಕೂಡ ಇಲ್ಲದೆ ಹೋಗಿ ಅವರ ತೋಳು ಹಿಡಿದು ಕರೆದುಕೊಂಡು ಬಂದ.

ಈಗ ಹಜಾರದಲ್ಲಿ ಕೂತಿದ್ದಾರೆ. ನಾನು ಅನ್ನ ಸಾರು ಬಡಿಸಿದೆ, ಉಂಡರು. ನಾವಿಬ್ಬರೂ ಇನ್ನೂ ಒಂದು ಮಾತೂ ಆಡಿಲ್ಲ. ಉಪ್ಪು ಬೇಕಾ ಅಂತಲೂ ಕೇಳಲಿಲ್ಲ, ಡಬ್ಬಿ ಮುಂದೆ ಇಟ್ಟೆ ಅಷ್ಟೇ. ನನ್ನ ಸಿಟ್ಟು ಹೋಗಿಲ್ಲ. ಹೋಗುತ್ತದೆ ಅಂತ ನೀನು ಅವರಿಗೆ ಆಸೆ ಹುಟ್ಟಿಸಬೇಡ.

ಭಾನುವಾರ ಬಂದು ಕರೆದುಕೊಂಡು ಹೋಗು. ಅದಕ್ಕೆ ಮೊದಲು ಬರಬೇಡ. ಅವಳ ಹೆಸರನ್ನು ಅವರು ಒಂದೇ ಸಲ ಹೇಳಿದ್ದು, ಅದೂ ನಾನು ಕಿಟಕಿ ಗಾಜಿನ ಈಚೆ ಇದ್ದಾಗ. ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಅಂತ ಹೇಗೆ ಕೇಳುವುದೋ ಗೊತ್ತಾಗುತ್ತಿಲ್ಲ.

ಅಕ್ಕ